ಗೆದ್ದಲು ತಿಂದ ಮನೆ: ದುಡ್ಡು ಯಾರ ಹತ್ತಿರ ಕೇಳುವುದು?

ಪ್ರಶ್ನೆ: ಸರ್, ಮೈಸೂರಿನ ಬೋಗಾದಿ ಕಡೆ ನಮ್ಮ ಮನೆ. 30×40 ಸೈಟು. ನಾಲ್ಕು ವರ್ಷದ ಹಿಂದೆ ಕಂಟ್ರಾಕ್ಟರ್‌ಗೆ ಕೊಟ್ಟು ಕಟ್ಟಿಸಿದೆವು, 38 ಲಕ್ಷ ಆಯಿತು. ಎರಡು ವರ್ಷದ ಹಿಂದೆ ಹಾಲ್‌ನಲ್ಲಿ ಗೆದ್ದಲು ಕಾಣಿಸಿತು. ಪೆಸ್ಟ್ ಕಂಟ್ರೋಲ್‌ನವರಿಗೆ 14 ಸಾವಿರ ಕೊಟ್ಟು ಟ್ರೀಟ್‌ಮೆಂಟ್ ಮಾಡಿಸಿದೆವು, ಐದು ವರ್ಷ ವಾರಂಟಿ ಅಂತ ಕಾರ್ಡ್ ಕೊಟ್ಟರು. ಈಗ ರೂಮಿನ ವಾರ್ಡ್‌ರೋಬ್, ಎರಡು ಬಾಗಿಲವಾಡ, ದೇವರ ಮನೆ ಬಾಗಿಲು ಎಲ್ಲ ಹೋಗಿದೆ. ಆಚಾರಿ 2 ಲಕ್ಷ 60 ಸಾವಿರ ಹೇಳುತ್ತಿದ್ದಾರೆ. ಬ್ಯಾಂಕ್ ಸಾಲದ ಜೊತೆ ಮಾಡಿಸಿದ ಮನೆ ಇನ್ಶೂರೆನ್ಸ್ ಇದೆ. ಎಲ್ಲಿಂದಾದರೂ ಈ ದುಡ್ಡು ಬರುತ್ತದೆಯೇ? ಮುಂದಿನ ವಾರ ಕೆಲಸ ಶುರು ಮಾಡಿಸೋಣ ಅಂತಿದ್ದೇವೆ.

ಉತ್ತರ: ಮೇಡಂ, ಮೊದಲು ಆಚಾರಿಗೆ ಒಂದು ಫೋನ್ ಮಾಡಿ. ಮುಂದಿನ ವಾರ ಬೇಡ, ಮೂರು ವಾರ ತಡೆಯಿರಿ ಅಂತ ಹೇಳಿ. ಮಿಕ್ಕಿದ್ದು ಆಮೇಲೆ.

ಯಾಕೆ ಅಂದರೆ ಇದು ನನಗೇ ಆಗಿದೆ. ಮಂಡ್ಯದಲ್ಲಿರುವ ನಮ್ಮ ಅಪ್ಪನ ಮನೆಗೆ ಹೀಗೇ ವಾರಂಟಿ ಕೊಟ್ಟು ಟ್ರೀಟ್‌ಮೆಂಟ್ ಮಾಡಿದ್ದರು, ಮೂರನೇ ವರ್ಷಕ್ಕೆ ಅಟ್ಟದ ಕಪಾಟು ಪೂರ್ತಿ ಮಣ್ಣಾಯಿತು. ಇಂಜಿನಿಯರ್ ಮಗ ನಾನು ಮೈಸೂರಿನಿಂದ ಭಾನುವಾರ ಬಿಡುವು ಮಾಡಿಕೊಂಡು ಹೋಗುವಷ್ಟರಲ್ಲಿ ಅಪ್ಪ ಆಚಾರಿಯನ್ನು ಕರೆಸಿ ಎಲ್ಲ ಕೀಳಿಸಿಬಿಟ್ಟಿದ್ದರು. ಕಿತ್ತ ಮರ ಹಿತ್ತಲಿನ ಹಂಡೆ ಒಲೆಗೆ ಹೋಗಿತ್ತು. ವಾರಂಟಿ ಕೊಟ್ಟವರು ಬಂದು ನೋಡಿ, "ಎಲ್ಲಿದೆ ಸರ್ ಗೆದ್ದಲು, ಮನೆ ಚೆನ್ನಾಗೇ ಇದೆಯಲ್ಲ" ಅಂದರು. ನನ್ನ ಹತ್ತಿರ ತೋರಿಸಲು ಒಂದು ಚೂರು ಮರವೂ ಇರಲಿಲ್ಲ. ಎರಡು ವಾರ ಅಪ್ಪ ಬಿಸಿನೀರು ಸ್ನಾನ ಮಾಡಿದ್ದು ಸಾಕ್ಷಿಯನ್ನು ಉರಿಸಿಕೊಂಡು.

ಜನ ದುಡ್ಡು ಕಳೆದುಕೊಳ್ಳುವುದು ಕಾನೂನು ಇಲ್ಲದೆ ಅಲ್ಲ, ಈ ಅವಸರದಿಂದ. ಗೆದ್ದಲು ಕಂಡರೆ ಅಸಹ್ಯ ಆಗುತ್ತದೆ, ಬೇಗ ಕಿತ್ತು ಬಿಸಾಕೋಣ ಅನ್ನಿಸುತ್ತದೆ, ಸಹಜ. ಆದರೆ ಮರ ಮನೆಯಲ್ಲಿ ಇರುವ ತನಕ ಮಾತ್ರ ನಿಮ್ಮ ಮಾತಿಗೆ ತೂಕ.

ಈಗ ಒಬ್ಬೊಬ್ಬರಾಗಿ ನೋಡೋಣ. ಇನ್ಶೂರೆನ್ಸ್ ವಿಷಯ ಬೇಗ ಮುಗಿಸಿಬಿಡುತ್ತೇನೆ, ಅಲ್ಲಿ ಏನೂ ಸಿಗುವುದಿಲ್ಲ. 2021ರ ಏಪ್ರಿಲ್ 1ರಿಂದ ಮನೆಗಳಿಗೆ ಎಲ್ಲ ಕಂಪನಿಗಳೂ ಕೊಡಬೇಕಾದ ಒಂದೇ ಮಾದರಿಯ ಪಾಲಿಸಿ ಇದೆ, ಭಾರತ್ ಗೃಹ ರಕ್ಷಾ ಅಂತ. ಬ್ಯಾಂಕಿನವರು ಸಾಲದ ಜೊತೆ ಮಾಡಿಸಿರುವುದು ಬಹುಶಃ ಇದೇ ಅಥವಾ ಇದರ ಹಾಗಿನದ್ದು. ಯಾವ ಯಾವ ಅನಾಹುತಕ್ಕೆ ದುಡ್ಡು ಕೊಡುತ್ತೇವೆ ಅಂತ ಅದರಲ್ಲಿ ಹೆಸರು ಹಿಡಿದು ಬರೆದಿದ್ದಾರೆ: ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಪೈಪ್ ಒಡೆಯುವುದು, ಹೀಗೆ. ಆ ಪಟ್ಟಿಯಲ್ಲಿ ಗೆದ್ದಲು ಇಲ್ಲ. ಇನ್ಶೂರೆನ್ಸ್ ಇರುವುದು ಒಂದು ಕ್ಷಣಕ್ಕೆ ಬಂದೆರಗುವ ಆಪತ್ತಿಗೆ. ತಿಂಗಳುಗಟ್ಟಲೆ ಒಳಗೊಳಗೇ ತಿನ್ನುವುದನ್ನು ಅವರು ಮನೆ ನೋಡಿಕೊಳ್ಳುವವರ ಜವಾಬ್ದಾರಿ ಅನ್ನುತ್ತಾರೆ. ಏಜೆಂಟ್ ಯಾರಾದರೂ "ಪೈಪ್ ಲೀಕ್ ಅಂತ ಹಾಕಿ ಮೇಡಂ, ನಾನು ನೋಡಿಕೊಳ್ಳುತ್ತೇನೆ" ಅಂದರೆ ದಯವಿಟ್ಟು ಕೇಳಬೇಡಿ. ಸುಳ್ಳು ಕ್ಲೈಮ್ ಸಿಕ್ಕಿಬಿದ್ದರೆ ಇರುವ ಪಾಲಿಸಿಯೂ ಹೋಗುತ್ತದೆ. ಅದರ ಹಿಂದೆ ಓಡಾಡುವುದು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ನಿಮ್ಮ ನಿಜವಾದ ದಾರಿ ಪೆಸ್ಟ್ ಕಂಟ್ರೋಲ್‌ನವರು. ವಾರಂಟಿ ಇನ್ನೂ ಮೂರು ವರ್ಷ ಇದೆ. ಆ ಕಾರ್ಡಿನ ಹಿಂಬದಿ ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಗೆದ್ದಲು ಮತ್ತೆ ಬಂದರೆ ಉಚಿತವಾಗಿ ಮತ್ತೆ ಟ್ರೀಟ್‌ಮೆಂಟ್ ಮಾಡುತ್ತೇವೆ, ಹಾಳಾದ ವಸ್ತುಗಳಿಗೆ ನಾವು ಜವಾಬ್ದಾರರಲ್ಲ. ನಾನು ನೋಡಿದ ಕಾರ್ಡುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇದು ಇದೆ. ಅಂದರೆ ಐದು ವರ್ಷದ ವಾರಂಟಿ ಔಷಧಿಗೆ, ನಿಮ್ಮ ವಾರ್ಡ್‌ರೋಬಿಗಲ್ಲ. ಇಲ್ಲಿಗೇ ಕೈಚೆಲ್ಲಿ ಕೂರುವವರು ಬಹಳ ಜನ. ಆದರೆ ಆ ಸಾಲು ಕಾಪಾಡುವುದು ಕೆಲಸ ಸರಿಯಾಗಿ ಮಾಡಿಯೂ ಗೆದ್ದಲು ಬಂದಾಗ. ಕೆಲಸವನ್ನೇ ಸರಿಯಾಗಿ ಮಾಡಿಲ್ಲ ಅಂತ ತೋರಿಸಿದರೆ ಅದು ಸೇವಾ ನ್ಯೂನತೆ, ಅಂದರೆ ದುಡ್ಡು ತೆಗೆದುಕೊಂಡ ಕೆಲಸದಲ್ಲೇ ಕೊರತೆ, ಆಗ ಮಾತು ಬೇರೆ.

ಸರಿಯಾಗಿ ಮಾಡಿದ್ದಾರೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ನೀವೇ ಎಣಿಸಬಹುದು. ಕಟ್ಟಡಗಳ ಗೆದ್ದಲು ತಡೆಗೆ ನಮ್ಮ ದೇಶದ ಮಾನದಂಡ ಐಎಸ್ 6313. ಅದರ ಮೂರನೇ ಭಾಗ ಕಟ್ಟಿಯಾದ ಮನೆಗೆ. ಗೋಡೆ ನೆಲ ಸೇರುವ ಜಾಗದಲ್ಲಿ 300 ಮಿ.ಮೀ.ಗೆ ಒಂದರಂತೆ, ಅಂದರೆ ಸುಮಾರು ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು, ಒಂದು ತೂತಿಗೆ ಹೆಚ್ಚೆಂದರೆ ಒಂದು ಲೀಟರ್ ವರೆಗೆ ಔಷಧಿ ಕುಡಿಸಿ, ಮೇಲೆ ಮುಚ್ಚಬೇಕು. ನಿಮ್ಮದು 10×12ರ ರೂಮು ಅಂತಿಟ್ಟುಕೊಳ್ಳಿ. ಸುತ್ತಳತೆ 44 ಅಡಿ, ಬಾಗಿಲ ಜಾಗ ಬಿಟ್ಟರೂ ನಲವತ್ತರ ಆಸುಪಾಸು ತೂತು ಇರಬೇಕು. ತೂತು ಮುಚ್ಚಿದ ಬಿಳಿ ಸಿಮೆಂಟ್ ಚುಕ್ಕೆ ಇವತ್ತಿಗೂ ಕಾಣುತ್ತದೆ. ಬಗ್ಗಿ ಎಣಿಸಿ, ಟೇಪ್ ಹಿಡಿದು ಫೋಟೋ ತೆಗೆಯಿರಿ. ವಾರ್ಡ್‌ರೋಬ್ ಇದ್ದ ಗೋಡೆಗೆ ಒಂದು ತೂತೂ ಇಲ್ಲದೆ ಹೋದರೆ ಅಲ್ಲೇ ಅರ್ಧ ಕೇಸು ಗೆದ್ದ ಹಾಗೆ. "ಅಲ್ಲಿ ಸಾಮಾನು ಇತ್ತು ಮೇಡಂ, ಕೊರೆಯಲು ಆಗಲಿಲ್ಲ" ಅಂತ ಅವರೇ ಹೇಳುವುದು ವಾಡಿಕೆ, ಹಾಗೆ ಹೇಳಿದರೆ ವಾಟ್ಸಾಪ್‌ನಲ್ಲಿ ಬರೆದು ಹೇಳಿ ಅನ್ನಿ.

ಅವತ್ತು ಎಷ್ಟು ಹೊತ್ತು ಕೆಲಸ ಮಾಡಿದರು, ಎಷ್ಟು ಕ್ಯಾನ್ ಔಷಧಿ ಕಲಸಿದರು, ನೆನಪಿಸಿಕೊಳ್ಳಿ. ಬೆನ್ನಿಗೆ ಹಾಕುವ 16 ಲೀಟರ್ ಸ್ಪ್ರೇಯರ್ ಒಂದನ್ನೇ ತಂದು ಇಡೀ ಮನೆ ಒಂದೂವರೆ ಗಂಟೆಯಲ್ಲಿ ಮುಗಿಸಿದ್ದರೆ ಲೆಕ್ಕ ನೀವೇ ಹಾಕಿ, ಒಂದು ರೂಮಿಗೂ ಸಾಲುವುದಿಲ್ಲ ಅದು. ಬಿಲ್ಲಿನಲ್ಲಿ ಔಷಧಿಯ ಹೆಸರು, ಪ್ರಮಾಣ ಬರೆದಿದ್ದಾರೆಯೇ ನೋಡಿ. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಆದರೆ ಲೀಟರ್ ನೀರಿಗೆ 2.1 ಮಿ.ಲೀ., ಕ್ಲೋರೋಪೈರಿಫಾಸ್ 20 ಇಸಿ ಆದರೆ ಒಂದು ಲೀಟರಿಗೆ 19 ಲೀಟರ್ ನೀರು. ಹಾಗೇ ಅವರ ಲೈಸೆನ್ಸ್ ನಂಬರ್ ಕೇಳಿ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಈ ಕೆಲಸವನ್ನು ವ್ಯಾಪಾರವಾಗಿ ಮಾಡುವವರಿಗೆ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಇಲ್ಲದವರು ಈ ಒಂದು ಪ್ರಶ್ನೆಗೇ ಮೆತ್ತಗಾಗುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ಮರ ಕೀಳಬೇಡಿ ಅಂದೆ, ಗೆದ್ದಲನ್ನು ಹಾಗೇ ಮೇಯಲು ಬಿಡಿ ಅನ್ನಲಿಲ್ಲ. "ಗೊತ್ತಿದ್ದೂ ಸುಮ್ನೆ ಕೂತು ನಷ್ಟ ಜಾಸ್ತಿ ಮಾಡಿಕೊಂಡರು" ಅಂತ ಎದುರಿನವರು ವಾದ ಮಾಡುತ್ತಾರೆ. ಹಾಗಾಗಿ ಫೋಟೋ ವಿಡಿಯೋ ಆದ ತಕ್ಷಣ ವಾರಂಟಿಯಲ್ಲಿ ಮತ್ತೆ ಟ್ರೀಟ್‌ಮೆಂಟ್ ಮಾಡಿ ಅಂತ ಬರಹದಲ್ಲಿ ಕೇಳಿ. ಅವರು ಬಂದರೆ ಮನೆ ಉಳಿಯುತ್ತದೆ, ಬಂದವರು ಸಹಿ ಹಾಕಿ ಕೊಡುವ ಸರ್ವಿಸ್ ಸ್ಲಿಪ್ ಗೆದ್ದಲು ಇದ್ದದ್ದಕ್ಕೆ ಅವರದೇ ಒಪ್ಪಿಗೆ. ಬರದಿದ್ದರೆ ವಾರಂಟಿ ಮುರಿದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಕಂಟ್ರಾಕ್ಟರ್. ಇವರನ್ನು ಹಿಡಿಯುವುದು ಸ್ವಲ್ಪ ಕಷ್ಟ, ಆದರೆ ಮೂಲ ತಪ್ಪು ಅವರದೇ ಇರುವ ಸಂಭವ ಜಾಸ್ತಿ. ಅಗ್ರಿಮೆಂಟ್ ಅಥವಾ ಎಸ್ಟಿಮೇಟ್ ತೆಗೆದು "ಆಂಟಿ ಟರ್ಮೈಟ್ ಟ್ರೀಟ್‌ಮೆಂಟ್" ಅನ್ನುವ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ "ನೀವು ಕೇಳಲಿಲ್ಲ, ನಾನು ಮಾಡಲಿಲ್ಲ" ಅನ್ನುತ್ತಾರೆ, ಅದನ್ನು ಮುರಿಯುವುದು ಸುಲಭ ಅಲ್ಲ. ಇದ್ದರೆ, ಅದಕ್ಕೆ ದುಡ್ಡು ತೆಗೆದುಕೊಂಡಿದ್ದರೆ, ಲೆಕ್ಕ ಕೇಳಿ. ಪಾಯದ ಹಂತದ ಟ್ರೀಟ್‌ಮೆಂಟಿಗೆ ಅದೇ ಮಾನದಂಡದ ಎರಡನೇ ಭಾಗ, ನೆಲಕ್ಕೆ ಚದರ ಮೀಟರಿಗೆ ಐದು ಲೀಟರ್ ದ್ರಾವಣ ಅನ್ನುತ್ತದೆ. ನಿಮ್ಮ ಸೈಟಿನಲ್ಲಿ ಕಟ್ಟಡ 900 ಚದರ ಅಡಿ ಅಂದರೂ 84 ಚದರ ಮೀಟರ್ ಆಯಿತು, ಅಂದರೆ 420 ಲೀಟರ್. ಕ್ಲೋರೋಪೈರಿಫಾಸ್ ಆದರೆ 21 ಲೀಟರ್ ಔಷಧಿ, ಅದೂ ಬರೀ ನೆಲಕ್ಕೆ, ಪಾಯದ ಪಕ್ಕಗಳ ಲೆಕ್ಕ ಬೇರೆ. ಅವರ ಬಿಲ್ಲು ತೋರಿಸಿ ಅನ್ನಿ. ಎರಡು ಲೀಟರ್ ಡಬ್ಬದ ಬಿಲ್ಲು ತಂದವರನ್ನು ನಾನು ನೋಡಿದ್ದೇನೆ.

ಇನ್ನೊಂದು ಸಂಗತಿ, ಇದನ್ನು ಕಟ್ಟಿಸುವವರು ಯಾರೂ ಗಮನಿಸುವುದಿಲ್ಲ. ಪ್ಲಿಂತ್ (ಪಾಯದಿಂದ ಮನೆಯ ನೆಲದ ಮಟ್ಟದವರೆಗಿನ ಭಾಗ) ಒಳಗೆ ಮಣ್ಣು ತುಂಬುವಾಗ ಸೆಂಟ್ರಿಂಗ್ ಹಲಗೆಯ (ಕಾಂಕ್ರೀಟ್ ಹಾಕುವಾಗ ಆಸರೆಗೆ ಹೊಡೆಯುವ ಹಲಗೆ) ತುಂಡು, ಗೂಟ, ಸಿಮೆಂಟ್ ಚೀಲ, ಮರದ ಪುಡಿ ಎಲ್ಲ ಜೊತೆಗೇ ಒಳಗೆ ಹೋಗಿಬಿಡುತ್ತದೆ. ಕೆಲವರು ಕಸ ಸಾಗಿಸುವ ಖರ್ಚು ಉಳಿಯಿತು ಅಂತ ಬೇಕೆಂದೇ ತುಂಬುತ್ತಾರೆ. ನೆಲದೊಳಗೆ ತೇವ ಇರುತ್ತದೆ, ಮರ ಇರುತ್ತದೆ, ಗೆದ್ದಲಿಗೆ ಹಬ್ಬ. ಅದು ಮುಗಿದ ಮೇಲೆ ಸ್ಕರ್ಟಿಂಗ್ (ಗೋಡೆ ಬುಡದ ಟೈಲ್ ಪಟ್ಟಿ) ಸಂದಿಯಿಂದ ಮೇಲೆ ಬಂದು ವಾರ್ಡ್‌ರೋಬಿನ ಹಿಂಬದಿ, ಪಾಲಿಶ್ ಇಲ್ಲದ ಪ್ಲೈವುಡ್ ಹಿಡಿಯುತ್ತದೆ. ಬೋಗಾದಿ ಕಡೆ ಒಂದು ಕಾಲಕ್ಕೆ ಹೊಲ ಇದ್ದ ಜಾಗದಲ್ಲಿ ಲೇಔಟ್ ಆದ ಸೈಟುಗಳು ಬೇಕಾದಷ್ಟಿವೆ, ಮಂಡ್ಯದಲ್ಲಂತೂ ನಾಲೆ ಬಯಲಿನ ಗದ್ದೆಯೇ ಸೈಟಾಗಿದೆ. ಅಂಥ ಕಡೆ ಮಣ್ಣಲ್ಲಿ ಗೆದ್ದಲು ಮೊದಲೇ ಇರುತ್ತದೆ, ನಾವು ಹೋಗಿ ಅದರ ಮೇಲೆ ಮನೆ ಕಟ್ಟುತ್ತೇವೆ ಅಷ್ಟೆ. ಅದಕ್ಕೇ ಟ್ರೀಟ್‌ಮೆಂಟ್ ಬೇಕಿರುವುದು.

ಗೆದ್ದಲಿನ ಮಣ್ಣಿನ ದಾರಿ ಎಲ್ಲಿಂದ ಹೊರಟಿದೆಯೋ ಆ ಮೂಲೆಯಲ್ಲಿ ಒಂದೇ ಒಂದು ಟೈಲ್ ಎಬ್ಬಿಸಿ ನೋಡಬೇಕು. ನೀವೇ ಎಬ್ಬಿಸಬೇಡಿ. "ಇಂಥ ದಿನ ಇಷ್ಟು ಗಂಟೆಗೆ ಟೈಲ್ ತೆಗೆಸುತ್ತಿದ್ದೇವೆ, ನೀವೂ ಬನ್ನಿ" ಅಂತ ಕಂಟ್ರಾಕ್ಟರ್‌ಗೂ ಪೆಸ್ಟ್ ಕಂಟ್ರೋಲ್‌ನವರಿಗೂ ಮೊದಲೇ ಬರೆದು ತಿಳಿಸಿ. ಇಬ್ಬರಿಗೂ ಸಂಬಂಧ ಇಲ್ಲದ ಒಬ್ಬ ಸಿವಿಲ್ ಇಂಜಿನಿಯರ್ ಎದುರಿಗಿರಲಿ, ವಿಡಿಯೋ ಎಲ್ಲೂ ನಿಲ್ಲಿಸದೆ ಓಡಲಿ. ಕೆಳಗೆ ಸೆಂಟ್ರಿಂಗ್ ತುಂಡು ಸಿಕ್ಕಿತೋ, ಕಂಟ್ರಾಕ್ಟರ್ ಮಾತಿನ ಧಾಟಿಯೇ ಬದಲಾಗುತ್ತದೆ.

ವಾರ್ಡ್‌ರೋಬ್ ಪ್ಲೈವುಡ್ ಬಿಲ್ಲು ಇದ್ದರೆ ಅದನ್ನೂ ಹುಡುಕಿ. ದೊಡ್ಡ ಕಂಪನಿಗಳು ಗೆದ್ದಲು, ಬೋರರ್ ಹುಳ ಎರಡಕ್ಕೂ ವಾರಂಟಿ ಕೊಡುವುದುಂಟು, ಹೆಚ್ಚಾಗಿ ಹಲಗೆಗೆ ಮಾತ್ರ, ಮೇಲಿನ ಲ್ಯಾಮಿನೇಟ್‌ಗೂ ಆಚಾರಿ ಕೂಲಿಗೂ ಇಲ್ಲ. ಹಾಳಾದ ಜಾಗದಲ್ಲಿ ಮಣ್ಣು ಇದ್ದರೆ ಗೆದ್ದಲು. ಮಣ್ಣಿಲ್ಲದೆ ಸೂಜಿ ಚುಚ್ಚಿದ ಹಾಗೆ ದುಂಡನೆ ತೂತು, ಕೆಳಗೆ ಗೋದಿ ಹಿಟ್ಟಿನಂಥ ನಯವಾದ ಪುಡಿ ಬಿದ್ದಿದ್ದರೆ ಅದು ಬೋರರ್. ಬೋರರ್ ಆದರೆ ಹಲಗೆ ತಯಾರಾಗುವಾಗಲೇ ಒಳಗೆ ಇದ್ದದ್ದು ಅನ್ನುವ ವಾದ ಗಟ್ಟಿ, ಪೆಸ್ಟ್ ಕಂಟ್ರೋಲ್‌ನವರದು ತಪ್ಪಿಲ್ಲ. ತಪ್ಪು ಹುಳದ ಹೆಸರು ಬರೆದು ತಪ್ಪು ಜನಕ್ಕೆ ನೋಟಿಸ್ ಕಳಿಸಿ ಆರು ತಿಂಗಳು ಕಳೆದವರಿದ್ದಾರೆ. ಜೀವಂತ ಹುಳ ನಾಲ್ಕು ಹಿಡಿದು ಸಣ್ಣ ಬಾಟಲಿಯಲ್ಲಿ ಸರ್ಜಿಕಲ್ ಸ್ಪಿರಿಟ್ ಹಾಕಿ ಇಟ್ಟುಕೊಳ್ಳಿ, ತಿಂದ ಮರದ ಎರಡು ತುಂಡೂ ಕವರಿನಲ್ಲಿ ತಾರೀಖು ಬರೆದು ಇರಲಿ. ಹಂಡೆ ಒಲೆಯಿಂದ ದೂರ!

ಕಾಗದಪತ್ರ ಹೀಗೆ ಮಾಡಿ. ಆಚಾರಿ ಚೀಟಿಯಲ್ಲಿ ಬರೆದ ಒಟ್ಟು ಮೊತ್ತ ನಡೆಯುವುದಿಲ್ಲ. ವಾರ್ಡ್‌ರೋಬಿಗೆ ಎಷ್ಟು, ಬಾಗಿಲವಾಡಕ್ಕೆ ಎಷ್ಟು, ಮರಕ್ಕೆ ಎಷ್ಟು, ಕೂಲಿ ಎಷ್ಟು ಅಂತ ಬಿಡಿಸಿ ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿ ಕೊಡಲಿ. ಈ ಸಂದರ್ಭದಲ್ಲಿ ಮತ್ತಿ ಮರ ಇದ್ದ ಕಡೆ ತೇಗ ಹಾಕಿಸುವ ಆಸೆ ಬೇಡ, ಆ ಹೆಚ್ಚಿನ ದುಡ್ಡು ಯಾರೂ ಕೊಡುವುದಿಲ್ಲ, ಮಿಕ್ಕಿದ್ದರ ಮೇಲೂ ಅನುಮಾನ ಬರುತ್ತದೆ. ಇಂಜಿನಿಯರ್ ರಿಪೋರ್ಟ್ ಎರಡು ಪುಟ ಇದ್ದರೆ ಸಾಕು, ಆದರೆ ಕಾರಣ ಏನು ಅಂತ ಸ್ಪಷ್ಟವಾಗಿ ಬರೆದಿರಬೇಕು. ರೂಮಿನ ಪಕ್ಕದ ಬಾತ್‌ರೂಮ್ ಗೋಡೆ ಒಸರುತ್ತಿದ್ದರೆ ಅದನ್ನು ಮುಚ್ಚಿಡಬೇಡಿ, ಎದುರಿನವರು ಅದನ್ನೇ ಮೊದಲು ಹಿಡಿಯುತ್ತಾರೆ. ಇಂಜಿನಿಯರೇ ಅಳೆದು ಬರೆಯಲಿ. ಆಮೇಲೆ ಇಬ್ಬರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ, 15 ದಿನ ಗಡುವು, ಇಷ್ಟು ಮೊತ್ತ ಅಂತ. ವಕೀಲರ ನೋಟಿಸೇ ಆಗಬೇಕೆಂದಿಲ್ಲ.

ಪತ್ರಕ್ಕೆ ಉತ್ತರ ಬಾರದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಕಾಯ್ದೆಯಲ್ಲಿ ಮನೆ ಕಟ್ಟುವುದೂ ಸೇವೆಯೇ, ಹುಳದ ಔಷಧಿ ಹೊಡೆಯುವುದೂ ಸೇವೆಯೇ. ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಆಫೀಸು ಬೆಂಗಳೂರಿನಲ್ಲಿದ್ದರೂ ಸರಿ. ಫೀಸು ನೀವು ಕೇಳುವ ಪರಿಹಾರದ ಮೇಲಲ್ಲ, ನೀವು ಕೊಟ್ಟ ದುಡ್ಡಿನ ಮೇಲೆ. ಪೆಸ್ಟ್ ಕಂಟ್ರೋಲ್‌ನವರ ಮೇಲೆ ಮಾತ್ರ ಆದರೆ ಕೊಟ್ಟದ್ದು 14 ಸಾವಿರ, ಐದು ಲಕ್ಷದ ಒಳಗಿನದಕ್ಕೆ ಫೀಸೇ ಇಲ್ಲ. ಕಂಟ್ರಾಕ್ಟರ್‌ನನ್ನೂ ಎದುರುದಾರ ಮಾಡಿದರೆ 20 ಲಕ್ಷದಿಂದ 50 ಲಕ್ಷದ ಸಾಲಿಗೆ ಬರುತ್ತದೆ, 1000 ರೂಪಾಯಿ. ಇ-ಜಾಗೃತಿ ವೆಬ್‌ಸೈಟಿನಲ್ಲಿ ಮನೆಯಿಂದಲೇ ಹಾಕಬಹುದು. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಕನ್ನಡದಲ್ಲೇ ಮಾತಾಡಬಹುದು. ಹೆಸರು ಕೆಡುತ್ತದೆ ಅಂತ ಹೆದರುವ ಕಂಪನಿ ಅಲ್ಲಿಗೇ ದಾರಿಗೆ ಬರುವುದೂ ಉಂಟು.

ಗಡುವು ಎರಡು ವರ್ಷ. ಪೆಸ್ಟ್ ಕಂಟ್ರೋಲ್ ವಿಷಯದಲ್ಲಿ ವಾರಂಟಿ ಒಳಗೇ ಈಗ ಮತ್ತೆ ಬಂದಿರುವುದರಿಂದ ಚಿಂತೆ ಇಲ್ಲ. ಕಂಟ್ರಾಕ್ಟರ್ ಮಾತ್ರ "ಮನೆ ಕೊಟ್ಟು ನಾಲ್ಕು ವರ್ಷ ಆಯಿತು, ಹೋಗಲಿ ಅಂದರೂ ಗೆದ್ದಲು ಮೊದಲು ಕಂಡು ಎರಡು ವರ್ಷ ಆಯಿತು" ಅಂತ ಗಡುವಿನ ಮೇಲೇ ನಿಲ್ಲುತ್ತಾರೆ. ನೆಲದೊಳಗೆ ಹಲಗೆ ತುಂಬಿರುವುದು ಈಗಷ್ಟೇ ಗೊತ್ತಾಯಿತು ಅನ್ನುವುದು ನಿಮ್ಮ ವಾದ, ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಮನ್ನಿಸುವ ಅಧಿಕಾರವೂ ಆಯೋಗಕ್ಕಿದೆ. ಆದರೂ ಇದು ತೂಗುಯ್ಯಾಲೆ. ಅದಕ್ಕೇ ನನ್ನ ಪ್ರಕಾರ ಕಂಟ್ರಾಕ್ಟರ್ ಜೊತೆ ಮೊದಲು ರಾಜಿಗೆ ನೋಡಿ. ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಸು ಹಾಕುವ ಮುಂಚೆಯೇ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ, ಖರ್ಚಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೇಳುವ ಹಕ್ಕೂ ಇದೆ, ಕೇಳಲು ಸಂಕೋಚ ಬೇಡ.

ಪೂರ್ತಿ 2 ಲಕ್ಷ 60 ಸಾವಿರ ಕೈಗೆ ಬರುತ್ತದೆ ಅಂತ ಲೆಕ್ಕ ಹಾಕಿ ಕೂರಬೇಡಿ. ಕಾಯ್ದೆಯಲ್ಲಿ ಮೂರು ತಿಂಗಳು ಅಂತ ಬರೆದಿದ್ದರೂ ಕೇಸು ಅದಕ್ಕಿಂತ ಉದ್ದ ಎಳೆಯುತ್ತದೆ. ಉಚಿತ ಟ್ರೀಟ್‌ಮೆಂಟ್ ಮತ್ತು ಮರದ ಖರ್ಚಿನಲ್ಲಿ ಅರ್ಧದ ಹತ್ತಿರ ಯಾರಾದರೂ ಬರಹದಲ್ಲಿ ಒಪ್ಪಿದರೆ ನಾನಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ. ಆದರೆ ದುಡ್ಡು ಬ್ಯಾಂಕಿಗೆ ಬೀಳುವ ಮುಂಚೆ "ಇನ್ನು ಯಾವ ಬಾಕಿಯೂ ಇಲ್ಲ" ಅನ್ನುವ ಕಾಗದಕ್ಕೆ ಸಹಿ ಹಾಕಬೇಡಿ.

ಇದನ್ನು ಓದುವ ಬೇರೆಯವರಿಗೂ ಎರಡು ಮಾತು. ಬಿಲ್ಡರ್ ಹತ್ತಿರ ಫ್ಲ್ಯಾಟ್ ಅಥವಾ ವಿಲ್ಲಾ ತೆಗೆದುಕೊಂಡವರಿಗೆ ಇದಕ್ಕಿಂತ ಗಟ್ಟಿ ದಾರಿ ಇದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮನೆ ಕೈಗೆ ಕೊಟ್ಟ ಐದು ವರ್ಷದೊಳಗೆ ಕೆಲಸದಲ್ಲಿ, ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿಮಾಡಬೇಕು, ಇಲ್ಲದಿದ್ದರೆ ಪರಿಹಾರ. ಬ್ರೋಷರ್‌ನಲ್ಲೋ ಅಗ್ರಿಮೆಂಟ್‌ನಲ್ಲೋ ಗೆದ್ದಲು ಟ್ರೀಟ್‌ಮೆಂಟ್ ಅಂತ ಬರೆದಿದ್ದರೆ ಇನ್ನೂ ಸುಲಭ. ಮೇಡಂ, ನಿಮ್ಮ ಸ್ವಂತ ಸೈಟಿನಲ್ಲಿ ಕಟ್ಟಿದ ಕಂಟ್ರಾಕ್ಟರ್‌ಗೆ ಇದು ಬರುವುದಿಲ್ಲ, ಆ ಕಾಯ್ದೆ ಇರುವುದು ಕಟ್ಟಿ ಮಾರುವವರಿಗೆ. ಹಳೇ ಮನೆ ಕೊಂಡು ಬಣ್ಣದ ಕೆಳಗೆ ಗೆದ್ದಲು ಸಿಕ್ಕವರು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ನೋಡಬೇಕು. ತನಗೆ ಗೊತ್ತಿದ್ದ, ಕೊಳ್ಳುವವರಿಗೆ ಸುಲಭಕ್ಕೆ ಕಾಣದ ದೋಷವನ್ನು ಮಾರುವವರು ಹೇಳಲೇಬೇಕು ಅನ್ನುತ್ತದೆ ಅದು. ಅದು ಸಿವಿಲ್ ಕೋರ್ಟಿನ ದಾರಿ, ಮತ್ತು ಅವರಿಗೆ ಮೊದಲೇ ಗೊತ್ತಿತ್ತು ಅಂತ ನೀವೇ ತೋರಿಸಬೇಕು. ಮುಂಚೆ ಔಷಧಿ ಹೊಡೆಸಿದ ತೂತಿನ ಗುರುತುಗಳು ಅಲ್ಲಿ ಕೆಲಸಕ್ಕೆ ಬರುತ್ತವೆ.

ತೆರಿಗೆಯಲ್ಲಿ ಸಿಗುವುದು ಚೂರುಪಾರು. ರಿಪೇರಿಗೆ ಸಾಲ ಮಾಡಿದರೆ, ವಾಸದ ಮನೆಗೆ, ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಬಡ್ಡಿಯಲ್ಲಿ ವರ್ಷಕ್ಕೆ 30,000ದ ವರೆಗೆ ಕಳೆಯಬಹುದು. ಅಷ್ಟಕ್ಕೇ ಸಾಲ ಮಾಡಬೇಡಿ.

ನೀವು ಕಳಿಸಿದ ಫೋಟೋಗಳಲ್ಲಿ ವಾರಂಟಿ ಕಾರ್ಡಿನ ಮುಂಬದಿ ಮಾತ್ರ ಇದೆ. ಹಿಂಬದಿಯಲ್ಲಿ ವರ್ಷಕ್ಕೊಮ್ಮೆ ಅವರೇ ಬಂದು ತಪಾಸಣೆ ಮಾಡುತ್ತೇವೆ ಅನ್ನುವ ಸಾಲು ಇದೆಯೇ ನೋಡಿ. ಇದ್ದು, ಈ ಎರಡು ವರ್ಷದಲ್ಲಿ ಅವರು ಒಮ್ಮೆಯೂ ಬಂದಿಲ್ಲದಿದ್ದರೆ ಪತ್ರದ ಮೊದಲ ಸಾಲಿಗೆ ಅದನ್ನೇ ಹಾಕಿ. ಕಾರ್ಡು ಹಳೇದಾದರೆ ಶಾಯಿ ಅಳಿಸಿಹೋಗುತ್ತದೆ, ಇವತ್ತೇ ಎರಡೂ ಬದಿ ಜೆರಾಕ್ಸ್ ಮಾಡಿಸಿಡಿ.